ನೀಲಿ ದಾರದ ಕನ್ನಡಕ

"ನನ್ನ ಕನ್ನಡಕ ಎಲ್ಲಿ?"

ಹೆಡ್ ಮೇಡಂ ಹಾಗೆ ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಆ ಕೋಣೆಯಲ್ಲಿ ಆಗ ಏನಿಲ್ಲವೆಂದರೂ ನಾನೂರು ಕನ್ನಡಕಗಳಿದ್ದವು. ಮೇಜಿನ ಮೇಲೆ, ಟ್ರೇಗಳಲ್ಲಿ, ಟಬ್ಬಿನ ಸೋಪುನೀರಿನಲ್ಲಿ, ಬಾಗಿಲ ಬಳಿ ಈಗಷ್ಟೇ ಬಂದಿಳಿದ ಚೀಲದಲ್ಲಿ, ಎಲ್ಲಿ ನೋಡಿದರೂ ಕನ್ನಡಕವೇ.

"ಯಾವ ಕನ್ನಡಕ ಮೇಡಂ?" ಲೆನ್ಸ್ ತಾತ ಕೇಳಿದರು.

"ನನ್ನದು ರೀ. ಬೆಳಗ್ಗೆ ನನ್ನ ಮೂಗಿನ ಮೇಲೆ ಇತ್ತಲ್ಲ, ಅದು."

ಗಡಿಬಿಡಿಗೆ ನಗು ಬಂತು. ಟಬ್ಬಿನ ಮೇಲೆ ಬಗ್ಗಿ ಅದನ್ನು ಹೇಗೋ ನುಂಗಿಕೊಂಡಳು. ಹೆಡ್ ಮೇಡಂ ಎದುರು ನಗುವಷ್ಟು ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ.

ಗಡಿಬಿಡಿ ಎಂದರೆ ಐದನೇ ಕ್ಲಾಸಿನ ಹುಡುಗಿ. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಎಡಗಾಲಿನ ಷೂ ಬಲಗಾಲಿಗೆ ಹಾಕಿಕೊಂಡು ಅರ್ಧ ದಾರಿ ಹೋದ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದಳು, ಅದೂ ಬೇರೆ ಯಾವುದೋ ಪ್ರಶ್ನೆಯ ಉತ್ತರ. ಅವಳಮ್ಮ ಬಸ್ ಕಂಡಕ್ಟರ್. ಭಾನುವಾರವೂ ಡ್ಯೂಟಿ. ಹಾಗಾಗಿ ಭಾನುವಾರ ಬೆಳಗ್ಗೆ ಚಿಕ್ಕಪ್ಪ ಅವಳನ್ನು ಇಲ್ಲಿಗೆ ಕರೆತರುತ್ತಿದ್ದ.

'ಇಲ್ಲಿ' ಎಂದರೆ ಸೈಕಲ್ ಶಾಪಿನ ಹಿಂದಿನ ಕೋಣೆ. ಬಡಾವಣೆಯವರು ಅದನ್ನು ಕನ್ನಡಕದ ಕೋಣೆ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿ, ಲೈಬ್ರರಿ, ಬಸ್ ನಿಲ್ದಾಣದಲ್ಲಿ ಒಂದೊಂದು ಡಬ್ಬ ಇಟ್ಟಿದ್ದರು. ಬೇಡವಾದ ಕನ್ನಡಕಗಳನ್ನು ಜನ ಅದರಲ್ಲಿ ಹಾಕಿ ಹೋಗುತ್ತಿದ್ದರು. ಭಾನುವಾರ ಅವುಗಳನ್ನೆಲ್ಲ ತೊಳೆದು, ರಿಪೇರಿ ಮಾಡಿ, ಪವರ್ ಅಳೆದು, ಬೇಕಾದವರಿಗೆ ಬಿಟ್ಟಿಯಾಗಿ ಕೊಡುವುದು. ಕೆಲಸ ಮಾಡುವವರಿಗೂ ಸಂಬಳವಿಲ್ಲ. ಹನ್ನೊಂದು ಗಂಟೆಗೆ ಒಂದು ಟೀ, ಎರಡು ಬಿಸ್ಕತ್ತು, ಅಷ್ಟೇ.

ಚಿಕ್ಕಪ್ಪನಿಗೆ ವಾಚ್ ರಿಪೇರಿಯ ಅಂಗಡಿ ಇತ್ತು. ಇಲ್ಲಿ ಕನ್ನಡಕದ ಸಣ್ಣ ಸಣ್ಣ ಸ್ಕ್ರೂಗಳ ಕೆಲಸ ಅವನದು. ಲೆನ್ಸ್ ತಾತ ಮೂವತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ದುಡಿದವರು. ಪವರ್ ಅಳೆಯುವ ಯಂತ್ರದ ಮುಂದೆ ಕೂತರೆ ಅವರಿಗೆ ಗಾಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇನ್ನು ಹೆಡ್ ಮೇಡಂ. ಶಾಲೆಯಿಂದ ರಿಟೈರ್ ಆಗಿ ಹತ್ತು ವರ್ಷವಾಗಿದ್ದರೂ ಅವರು ಒಳಗೆ ಬಂದರೆ ಎಲ್ಲರ ಬೆನ್ನೂ ನೆಟ್ಟಗಾಗುತ್ತಿತ್ತು. ಕೋಣೆಯ ಬೀಗದ ಕೈ, ರಿಜಿಸ್ಟರ್, ರೂಲು, ಎಲ್ಲ ಅವರ ಕೈಯಲ್ಲಿ.

ರೂಲುಗಳಲ್ಲಿ ಮೊದಲನೆಯದು ಕೆಂಪು ಡಬ್ಬಿಯದು. ಅದೊಂದು ಹಳೆಯ ಬಿಸ್ಕತ್ ಡಬ್ಬಿ. ಅದರ ಮೇಲೆ ಮೇಡಂ ಕೈಬರಹದಲ್ಲಿ ಹೀಗಿತ್ತು: 'ಇಲ್ಲಿ ಕೆಲಸ ಮಾಡುವವರು ತಮ್ಮ ಕನ್ನಡಕ ತೆಗೆದರೆ ಇದರಲ್ಲಿ ಮಾತ್ರ ಇಡಬೇಕು.' ಎರಡು ವರ್ಷದ ಹಿಂದೆ ಲೆನ್ಸ್ ತಾತ ತಮ್ಮ ಕನ್ನಡಕವನ್ನೇ ತಾವು ಅಳೆದು, "ಅರೆ, ಈ ಪವರ್ ನನಗೂ ಆಗುತ್ತಲ್ಲ!" ಎಂದು ಖುಷಿಪಟ್ಟಿದ್ದರಂತೆ. ಆವತ್ತೇ ಕೆಂಪು ಡಬ್ಬಿ ಬಂದಿದ್ದು.

ಈಗ ಮೇಡಂ ಆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಖಾಲಿ.

"ಟ್ರೇಗಳಲ್ಲಿ ಹುಡುಕೋಣ್ವಾ ಮೇಡಂ?" ಚಿಕ್ಕಪ್ಪ ಕೇಳಿದ.

"ಟ್ರೇಗೆ ಹೇಗ್ರೀ ಹೋಗುತ್ತೆ? ನಾನು ಕೆಂಪು ಡಬ್ಬಿ ಬಿಟ್ಟು ಬೇರೆ ಕಡೆ ಇಡೋದೇ ಇಲ್ಲ." ಅಷ್ಟು ಹೇಳಿದವರು ಒಂದು ಕ್ಷಣ ನಿಂತರು. "ಟಬ್ ಪಕ್ಕ ಇಟ್ಟ ಹಾಗೆ ಒಂದು ನೆನಪು... ಇಲ್ಲ, ಇಲ್ಲ. ಹಾಗೆಲ್ಲ ಇಡೋಳಲ್ಲ ನಾನು."

"ಮನೇಲೇ ಬಿಟ್ಟು ಬಂದಿರ್ತೀರಿ, ಬಿಡಿ," ಲೆನ್ಸ್ ತಾತ ಸಮಾಧಾನ ಹೇಳಿದರು. "ನನಗೂ ಹಾಗೇ ಆಗುತ್ತೆ. ವಯಸ್ಸಾಯ್ತಲ್ಲ."

ಮೇಡಂ ರಿಜಿಸ್ಟರನ್ನು ಕೈ ಚಾಚಿ ದೂರ ಹಿಡಿದು ಓದಲು ನೋಡಿದರು. ಇನ್ನೂ ದೂರ ಹಿಡಿದರು. ಕೈ ಅಷ್ಟೇ ಉದ್ದ ಇತ್ತು. ಪುಸ್ತಕ ಮುಚ್ಚಿಬಿಟ್ಟರು. ಅವರ ಮೂಗಿನ ಎರಡೂ ಬದಿಗೆ ಕೆಂಪಗೆ ಎರಡು ಗುರುತು ಮೂಡಿದ್ದವು. ಅಷ್ಟು ದಿನ ಗಡಿಬಿಡಿ ಅದನ್ನು ನೋಡಿರಲೇ ಇಲ್ಲ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕಸ ಗುಡಿಸುವುದು ಗಡಿಬಿಡಿಯ ಪಾಲಿಗೆ ಬಂತು. ಚಿಕ್ಕಪ್ಪನ ಕುರ್ಚಿಯ ಕೆಳಗೆ ಯಾವಾಗಲೂ ಕಸ ಜಾಸ್ತಿ. ಜನ ತಮ್ಮ ಕನ್ನಡಕದ ಕಡ್ಡಿ ಕಳಚಿಬಂದರೆ ತಂತಿ ಸುತ್ತುತ್ತಾರೆ, ಟೇಪು ಅಂಟಿಸುತ್ತಾರೆ, ಸೇಫ್ಟಿ ಪಿನ್ ಕೂಡ ಚುಚ್ಚುತ್ತಾರೆ. ಅದನ್ನೆಲ್ಲ ಚಿಕ್ಕಪ್ಪ ಕಿತ್ತು ನೆಲಕ್ಕೆ ಹಾಕಿ ಹೊಸ ಸ್ಕ್ರೂ ಕೂರಿಸುತ್ತಿದ್ದ.

ಪೊರಕೆಗೆ ಒಂದು ದಾರದ ತುಂಡು ಸಿಕ್ಕಿಕೊಂಡಿತು. ನೀಲಿ ದಾರ. ಬೆರಳುದ್ದ ಇತ್ತು. ಸುರುಳಿ ಸುರುಳಿಯಾಗಿತ್ತು, ತುದಿಯಲ್ಲಿ ಗಟ್ಟಿ ಗಂಟು.

ಗಡಿಬಿಡಿಯ ಕೈ ನಿಂತಿತು.

ಮೇಡಂ ಕನ್ನಡಕದ ಎಡಗಡೆ ಕಡ್ಡಿಯ ಬುಡದಲ್ಲಿ ಒಂದು ನೀಲಿ ದಾರ ಇತ್ತು. ಅಲ್ಲಿಯ ಸ್ಕ್ರೂ ಎಂದೋ ಬಿದ್ದುಹೋಗಿತ್ತಂತೆ. ಚಿಕ್ಕಪ್ಪ, "ಕೊಡಿ ಮೇಡಂ, ಎರಡೇ ನಿಮಿಷ," ಎಂದು ಪ್ರತಿ ವಾರ ಕೇಳುತ್ತಿದ್ದ. ಮೇಡಂ ಪ್ರತಿ ವಾರ, "ಮೊದಲು ಅವರದು ಮಾಡಿ. ನಮ್ಮದು ಆಮೇಲೆ," ಎನ್ನುತ್ತಿದ್ದರು. ಆ ಆಮೇಲೆ ಬಂದೇ ಇರಲಿಲ್ಲ.

ಬೆಳಗಿನದೆಲ್ಲ ಅವಳಿಗೆ ಒಂದೊಂದಾಗಿ ನೆನಪಾಯಿತು.

ನಾಲ್ಕು ವಾರ ಬರೀ ಒರೆಸುವ ಕೆಲಸ ಮಾಡಿದ್ದ ಅವಳಿಗೆ ಇವತ್ತು ತೊಳೆಯುವ ಕೆಲಸಕ್ಕೆ ಬಡ್ತಿ ಸಿಕ್ಕಿತ್ತು. ಮೇಡಂ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟಿದ್ದರು. "ಬೆರಳಿನ ಮೆತ್ತಗಿನ ಭಾಗದಿಂದ ಉಜ್ಜಬೇಕು. ಉಗುರು ತಾಗಬಾರದು. ಇಲ್ಲಿ ಗಡಿಬಿಡಿ ನಡೆಯೋದಿಲ್ಲ, ಗೊತ್ತಾಯ್ತಾ?" ಬಿಸಿನೀರಿನ ಹಬೆಗೆ ಅವರ ಕನ್ನಡಕ ಮಂಜಾಯಿತು. ಅದನ್ನು ತೆಗೆದರು. ಅಷ್ಟರಲ್ಲಿ ಲೈಬ್ರರಿಯ ವ್ಯಾನ್ ಬಂತೆಂದು ಸೈಕಲ್ ಶಾಪಿನವರು ಮುಂಬಾಗಿಲಿಂದ ಕೂಗಿದರು. ಮೇಡಂ ಹೋದರು. ವ್ಯಾನಿನವನಿಗೂ ಏನೋ ಪಾಠ ಮಾಡುತ್ತ ಅಲ್ಲೇ ಅರ್ಧ ಗಂಟೆ ನಿಂತರು.

ಟಬ್ಬಿನ ಎಡಗಡೆ, ಸೋಪಿನ ಹತ್ತಿರ ಮೂರು ಕನ್ನಡಕ ಇದ್ದವು. ಗಡಿಬಿಡಿ ಮೂರನ್ನೂ ಸರಸರ ತೊಳೆದಳು. ಚಿಕ್ಕಪ್ಪನ ಮುಂದಿಟ್ಟಳು. ಅವನು ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಹಾಡು ಗುನುಗುತ್ತ ದಾರ ಕತ್ತರಿಸಿ, ಸ್ಕ್ರೂ ಹಾಕಿ, ಲೆನ್ಸ್ ತಾತನ ಕಡೆ ದಾಟಿಸಿದ. ಅವನಿಗೆ ಕಂಡದ್ದು ಸ್ಕ್ರೂ ಇಲ್ಲದ ತೂತು ಮಾತ್ರ. ತಾತ ಯಂತ್ರಕ್ಕೆ ಕಣ್ಣಿಟ್ಟವರು ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು.

"ಸಿಕ್ತು! ಬಲಗಣ್ಣಿಗೆ ಒಂದೂವರೆ, ಎಡಗಣ್ಣಿಗೆ ನಾಲ್ಕು! ಆರು ವಾರದಿಂದ ಹುಡುಕ್ತಾ ಇದ್ದೆ. ಓಡು ಮಗು, ಹಿತ್ತಲ ಬೆಂಚಿನ ಮೇಲೆ ಕೂತಿದ್ದಾರೆ ನೋಡು!"

ಹಿತ್ತಲ ಬೆಂಚಿನ ಮೇಲೆ ಕೂತಿದ್ದದ್ದು ಗುಂಡಿ ಆಂಟಿ. ಬಟ್ಟೆ ಕಾರ್ಖಾನೆಯಿಂದ ಮೂಟೆಗಟ್ಟಲೆ ಶರ್ಟು ತಂದು ಮನೆಯಲ್ಲೇ ಗುಂಡಿ ಹೊಲಿಯುವವರು. ಅವರ ಎರಡು ಕಣ್ಣಿಗೂ ಹೊಂದುವ ಜೋಡಿ ಆರು ವಾರದಿಂದ ಸಿಕ್ಕಿರಲಿಲ್ಲ. ಒಂದರ ಗಾಜು ಇನ್ನೊಂದರ ಫ್ರೇಮಿಗೆ ಕೂರುವುದಿಲ್ಲ. ಆದರೂ ಅವರು ಪ್ರತಿ ಭಾನುವಾರ ಬಂದು, ಬೆಂಚಿನ ಮೇಲೆ ಕೂತು, ಖಾಲಿ ಕೈಯಲ್ಲಿ ಹೋಗುತ್ತಿದ್ದರು.

ಗಡಿಬಿಡಿ ಓಡಿದ್ದಳು. ಓಡುತ್ತಲೇ ಪಡೆಯುವವರ ಹೆಸರಿನ ಟ್ಯಾಗ್ ಕಟ್ಟಿದ್ದಳು. ಆಂಟಿ ಅದನ್ನು ಹಾಕಿಕೊಂಡು ತಮ್ಮ ಅಂಗೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಡಿಬಿಡಿಯ ಕೆನ್ನೆ ಮುಟ್ಟಿ, ಹಿಂದಿನ ಗೇಟಿನಿಂದ ಹೋಗಿಬಿಟ್ಟರು.

ಒಂದು ಕನ್ನಡಕ ಮೂರು ಜನರ ಕೈ ದಾಟಿ ಹೋಗಿತ್ತು. ಮೂವರೂ ಕನ್ನಡಕ ನೋಡುವವರೇ. ಒಬ್ಬರೂ ನೋಡಿರಲಿಲ್ಲ.

"ಏನೇ, ಪೊರಕೆ ಹಿಡ್ಕೊಂಡು ಧ್ಯಾನ ಮಾಡ್ತಿದ್ದೀಯ?" ಚಿಕ್ಕಪ್ಪ ಬಾಗಿಲಿನಿಂದ ಕೂಗಿದ. "ನಡಿ, ಹೊಟ್ಟೆ ತಾಳ ಹಾಕ್ತಿದೆ."

ಗಡಿಬಿಡಿ ದಾರವನ್ನು ಜೇಬಿಗೆ ಹಾಕಿಕೊಂಡಳು. ಹೇಳಬೇಕೆಂದು ಬಾಯಿ ತೆರೆದಳು. ಆದರೆ ಹೊರಗೆ ಬಂದದ್ದು, "ಬಂದೆ ಚಿಕ್ಕಪ್ಪ," ಎನ್ನುವುದು ಮಾತ್ರ.

ಸೋಮವಾರ ಬೆಳಗ್ಗೆ ಅಮ್ಮ ಜಡೆ ಹಾಕುವಾಗ ಗಡಿಬಿಡಿ ಅಲ್ಲಾಡದೆ ಕೂತಿದ್ದಳು. ಅಮ್ಮನಿಗೆ ಅನುಮಾನ ಬಂತು.

"ಏನೇ ಇದು, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ? ಜ್ವರ ಏನಾದ್ರೂ ಬಂದಿದ್ಯಾ?"

"ಇಲ್ಲಮ್ಮ."

"ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂತಾ?"

"ಟೆಸ್ಟೇ ಆಗಿಲ್ಲ."

"ಮತ್ತೆ?"

"ಅಮ್ಮ, ಒಬ್ಬರಿಗೆ ಕೊಟ್ಟಿದ್ದನ್ನ ವಾಪಸ್ ಇಸ್ಕೋಬಹುದಾ?"

"ಚಿಲ್ಲರೆ ಜಾಸ್ತಿ ಕೊಟ್ಟಿದ್ರೆ ನಾನಂತೂ ಇಸ್ಕೋತೀನಪ್ಪ," ಎಂದು ಅಮ್ಮ ಟಿಕೆಟ್ ಬ್ಯಾಗ್ ಹೆಗಲಿಗೇರಿಸಿದರು. "ಜಡೆ ಬಿಚ್ಕೋಬೇಡ. ನನಗೆ ಹೊತ್ತಾಯ್ತು."

ದಾರ ಈಗ ಗಡಿಬಿಡಿಯ ಕಂಪಾಸ್ ಬಾಕ್ಸಿನಲ್ಲಿತ್ತು. ಗಣಿತದ ಪಿರಿಯಡ್ಡಿನಲ್ಲಿ ಬಾಕ್ಸ್ ತೆರೆದರೆ ಮೊದಲು ಅದೇ ಕಾಣುತ್ತಿತ್ತು. ಅವಳು ಅದರ ಮೇಲೆ ರಬ್ಬರ್ ಇಟ್ಟಳು. ರಬ್ಬರ್ ತೆಗೆದಾಗ ಮತ್ತೆ ಕಂಡಿತು.

ಬುಧವಾರ ಶಾಲೆ ಬಿಟ್ಟ ಮೇಲೆ ಅವಳು ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋದಳು. ಗುಂಡಿ ಆಂಟಿಯ ಮನೆ ಅಲ್ಲೇ ಇತ್ತು. ಕಿಟಕಿ ತೆರೆದಿತ್ತು. ಆಂಟಿ ನೆಲದ ಮೇಲೆ ಕೂತು ಹೊಲಿಯುತ್ತಿದ್ದರು. ಒಂದು ಕಡೆ ಶರ್ಟಿನ ಗುಡ್ಡ, ಇನ್ನೊಂದು ಕಡೆ ಬಿಳಿ ಗುಂಡಿಗಳ ಬಟ್ಟಲು. ಮೂಗಿನ ಮೇಲೆ ಕಂದು ಫ್ರೇಮಿನ ಕನ್ನಡಕ. ಈಗ ನೋಡಿದರೆ ಅದು ಮೇಡಂ ಕನ್ನಡಕವೇ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

"ಬಾ ಬಾ, ಒಳಗೆ ಬಾ!" ಆಂಟಿ ಕಿಟಕಿಯಿಂದಲೇ ಕರೆದರು. "ನೋಡಿಲ್ಲಿ, ಒಂದು ಮಜಾ ತೋರಿಸ್ತೀನಿ."

ಸೂಜಿ ಎತ್ತಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ತೋರಿಸಿದರು. ಆಮೇಲೆ ದಾರ ಎಳೆದು ತೆಗೆದು, ಇನ್ನೊಮ್ಮೆ ಪೋಣಿಸಿದರು.

"ಮುಂಚೆ ಏನು ಮಾಡ್ತಿದ್ದೆ ಗೊತ್ತಾ? ಪಕ್ಕದ ಮನೆ ಮಗು ಸ್ಕೂಲಿಗೆ ಹೋಗೋ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗ್ತಿತ್ತು. ಆ ಹತ್ತೂ ಖಾಲಿಯಾದ್ರೆ ಮುಗೀತು. ಅದು ಸ್ಕೂಲಿಂದ ಬರೋವರೆಗೂ ಕೈ ಕಟ್ಕೊಂಡು ಕೂರೋದು. ಭಾನುವಾರ ಬಂದ್ರೆ ಆ ಮಗು ಆಟಕ್ಕೆ ಓಡಿಹೋಗೋದು, ನಾನು ಅದರ ಹಿಂದೆ ಸೂಜಿ ಹಿಡ್ಕೊಂಡು ಓಡೋದು!"

ಆಂಟಿ ತಮ್ಮ ಮಾತಿಗೆ ತಾವೇ ನಕ್ಕರು. ಗಡಿಬಿಡಿಯೂ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಮನೆಗೆ ಹೋಗುವ ದಾರಿಯಲ್ಲಿ ಅವಳು ತನಗೆ ತಾನೇ ಹೇಳಿಕೊಂಡಳು: ನಾನು ಸುಮ್ಮನಿರೋದು ಆಂಟಿಗೋಸ್ಕರ. ಹೇಳಿದರೆ ಮೇಡಂ ಕನ್ನಡಕ ವಾಪಸ್ ಇಸ್ಕೋತಾರೆ. ಆಮೇಲೆ ಆಂಟಿ ಮತ್ತೆ ಸೂಜಿ ಹಿಡ್ಕೊಂಡು ಓಡಬೇಕು. ಮೇಡಂಗೇನು, ಹೊಸದು ಮಾಡಿಸಿಕೊಳ್ಳುತ್ತಾರೆ. ಅದು ಚೆನ್ನಾಗಿತ್ತು. ಕೇಳಲಿಕ್ಕೆ ನ್ಯಾಯವಾಗಿಯೂ ಇತ್ತು. ಆದರೂ ಮನೆ ತಲುಪುವಷ್ಟರಲ್ಲಿ ಅದನ್ನು ಮೂರು ಸಲ ಹೇಳಿಕೊಳ್ಳಬೇಕಾಯಿತು.

ಮುಂದಿನ ಭಾನುವಾರ ಹೆಡ್ ಮೇಡಂ ಎಲ್ಲರಿಗಿಂತ ಕೊನೆಗೆ ಬಂದರು. ಅದು ಯಾವತ್ತೂ ಆಗಿರಲಿಲ್ಲ. ಯಾವ ಕಾಲದ್ದೋ ಒಂದು ದಪ್ಪ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಅದು ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿತ್ತು. ರಿಜಿಸ್ಟರಿನಲ್ಲಿ ಹೋದ ವಾರದ ಪುಟ ತೆಗೆದು, ಮೂರು ಸಲ ಓದಲು ನೋಡಿ, ಮುಚ್ಚಿ ಚಿಕ್ಕಪ್ಪನ ಮೇಜಿನ ಮೇಲಿಟ್ಟರು. ಅದರ ಮೇಲೆ ಬೀಗದ ಕೈ ಇಟ್ಟರು.

"ಇದು ಇನ್ನು ಮುಂದೆ ನೀವು ನೋಡ್ಕೊಳ್ಳಿ," ಎಂದರು.

ಚಿಕ್ಕಪ್ಪ ಕಣ್ಣಿನ ಭೂತಗನ್ನಡಿ ತೆಗೆದ. "ಯಾಕೆ ಮೇಡಂ? ಏನಾಯ್ತು?"

"ಏನೂ ಆಗಿಲ್ಲ. ಆಗೋ ಮೊದಲೇ ಕೊಡ್ತಾ ಇದ್ದೀನಿ." ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಪಾಠ ಹೇಳುವಾಗಿನ ಅದೇ ದನಿಯಲ್ಲಿ ಮಾತಾಡಿದರು. "ಮನೆಯೆಲ್ಲ ಹುಡುಕಿದೆ. ಫ್ರಿಜ್ ಒಳಗೂ ನೋಡಿದೆ. ನಮ್ಮಕ್ಕನ ಕನ್ನಡಕ ಅಲ್ಲೇ ಸಿಗ್ತಿತ್ತು."

ಚಿಕ್ಕಪ್ಪ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ.

"ಅವಳಿಗೂ ಹೀಗೇ ಶುರುವಾಗಿದ್ದು. ಮೊದಲು ಕನ್ನಡಕ. ಆಮೇಲೆ ಗ್ಯಾಸ್ ಆಫ್ ಮಾಡೋದು. ಆಮೇಲೆ ನನ್ನ ಹೆಸರು. ಎಲ್ಲಿಟ್ಟೆ ಅಂತ ನೆನಪಿಲ್ಲ ಅಂದ್ರೆ ಸರಿ, ಯಾರಿಗಾದ್ರೂ ಆಗುತ್ತೆ. ನನಗೆ ನೆನಪಿದೆ ರೀ. ಟಬ್ ಪಕ್ಕ ಇಟ್ಟೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಆದರೆ ಅಲ್ಲಿ ಇರಲಿಲ್ಲ. ಆಗದೇ ಇರೋದು ನೆನಪಾಗ್ತಿದೆ ಅಂದ್ರೆ..."

ಅವರು ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿದರು.

ಗಡಿಬಿಡಿಯ ಕೈಯಿಂದ ಒಂದು ಕನ್ನಡಕ ಟಬ್ಬಿಗೆ ಜಾರಿತು. ಅವಳಿಗೆ ಭಯವಾಯಿತು. ಬೈಸಿಕೊಳ್ಳುವ ಭಯ ಅದಲ್ಲ. ಅದಕ್ಕಿಂತ ದೊಡ್ಡದು. ಹೆಡ್ ಮೇಡಂ ಹೆದರಿದ್ದರು. ಅವರಿಗೂ ಹೆದರಿಕೆ ಎನ್ನುವುದು ಇರಬಹುದೆಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಆ ಹೆದರಿಕೆಯನ್ನು ಒಂದು ವಾರದಿಂದ ಅವಳು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡು ತಿರುಗಿದ್ದಳು.

"ಇತ್ತು," ಎಂದಳು ಗಡಿಬಿಡಿ.

"ಏನಿತ್ತು?"

"ಟಬ್ ಪಕ್ಕ. ನಿಮ್ಮ ಕನ್ನಡಕ. ನಾನು ತೊಳೆದುಬಿಟ್ಟೆ. ನೋಡದೆ. ಆಮೇಲೆ ಚಿಕ್ಕಪ್ಪ ಸ್ಕ್ರೂ ಹಾಕಿದ್ರು, ತಾತ ಅಳೆದ್ರು, ನಾನು ಟ್ಯಾಗ್ ಕಟ್ಟಿ ಕೊಟ್ಟುಬಿಟ್ಟೆ, ಗುಂಡಿ ಆಂಟಿಗೆ. ಗೊತ್ತಿರಲಿಲ್ಲ ಮೇಡಂ. ಆಮೇಲೆ ಗೊತ್ತಾಯ್ತು."

ಎಲ್ಲ ಒಂದೇ ಉಸಿರಿಗೆ ಹೇಳಿದಳು. ಹೋಂವರ್ಕಿಗೆಂದು ತಂದಿದ್ದ ಬ್ಯಾಗಿನತ್ತ ಓಡಿ, ಕಂಪಾಸ್ ಬಾಕ್ಸ್ ತೆರೆದು, ನೀಲಿ ದಾರವನ್ನು ತಂದು ಮೇಡಂ ಅಂಗೈಯಲ್ಲಿ ಇಟ್ಟಳು. ಒದ್ದೆ ಕೈಯಿಂದ ಅದು ಸ್ವಲ್ಪ ಒದ್ದೆಯಾಗಿತ್ತು.

ಮೇಡಂ ದಾರವನ್ನು ನೋಡಿದರು. ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಬೆರಳಿನಿಂದ ಗಂಟನ್ನು ಮುಟ್ಟಿ ನೋಡಿದರು.

"ಟಬ್ಬಿನ ಎಡಗಡೆನೋ, ಬಲಗಡೆನೋ?" ಎಂದು ಕೇಳಿದರು.

"ಎಡಗಡೆ. ಸೋಪಿನ ಹತ್ತಿರ."

"ಸೋಪಿನ ಹತ್ತಿರ." ಮೇಡಂ ಕಣ್ಣು ಮುಚ್ಚಿದರು. "ಹೌದು. ಸೋಪಿನ ಹತ್ತಿರ. ಕಡ್ಡಿ ಮಡಚಿ ಇಟ್ಟಿದ್ದೆ."

"ಮಡಚೇ ಇತ್ತು ಮೇಡಂ."

ಮೇಡಂ ಕಣ್ಣು ತೆರೆದು, ಚಿಕ್ಕಪ್ಪನ ಕಡೆ ಕೈ ಚಾಚಿದರು.

"ಬೀಗದ ಕೈ ಕೊಡಿ ಇಲ್ಲಿ."

ಚಿಕ್ಕಪ್ಪ ಅದನ್ನು ಬಿಸಿ ಪಾತ್ರೆಯ ಹಾಗೆ ಅವಸರದಲ್ಲಿ ಕೊಟ್ಟುಬಿಟ್ಟ. ಲೆನ್ಸ್ ತಾತ ಹಣೆ ಚಚ್ಚಿಕೊಂಡರು.

"ಅಲ್ಲ ಮೇಡಂ, ನಿಮ್ಮದೂ ಒಂದೂವರೆ-ನಾಲ್ಕಾ? ನನ್ನ ಪಾಕೆಟ್ ಪುಸ್ತಕದಲ್ಲಿ ಆರು ವಾರ ಆ ನಂಬರ್ ಬರ್ಕೊಂಡು ಓಡಾಡಿದೆ. ನೀವು ಒಂದು ಮಾತು ಹೇಳಲಿಲ್ಲ!"

"ನೀವು ಕೇಳಲಿಲ್ಲ," ಎಂದರು ಮೇಡಂ. ಆಮೇಲೆ ಚಿಕ್ಕಪ್ಪನತ್ತ ತಿರುಗಿದರು. "ಅಂತೂ ನನ್ನ ಸ್ಕ್ರೂ ಹಾಕಿಬಿಟ್ರಿ."

ಚಿಕ್ಕಪ್ಪ ಮೊದಲು ನಕ್ಕ. ತಾತ ಆಮೇಲೆ. ಮೇಡಂ ನಗಲಿಲ್ಲ, ಆದರೆ ಅವರ ಹೆಗಲು ಅಲ್ಲಾಡುತ್ತಿತ್ತು. ಗಡಿಬಿಡಿಗೆ ಮಾತ್ರ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳ ಅನುಮಾನ ಸರಿಯಾಗಿತ್ತು. ನಗು ಮುಗಿದ ಮೇಲೆ ಮೇಡಂ ಅವಳನ್ನು ಹತ್ತಿರ ಕರೆದರು.

"ಯಾವಾಗ ಗೊತ್ತಾಯ್ತು ನಿನಗೆ?"

"ಅವತ್ತೇ. ಕಸ ಗುಡಿಸುವಾಗ."

"ಒಂದು ವಾರ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆಂಟಿ ಹತ್ರ ವಾಪಸ್ ಇಸ್ಕೋತೀರ ಅಂತ. ಅವರು ಒಂದೇ ಸಲಕ್ಕೆ ಸೂಜಿ ಪೋಣಿಸ್ತಿದ್ರು ಮೇಡಂ. ನಾನೇ ನೋಡಿದೆ." ಗಡಿಬಿಡಿ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಉಜ್ಜಿದಳು. "ಮತ್ತೆ... ನೀವು ಬೈತೀರ ಅಂತ."

"ಎರಡರಲ್ಲಿ ಯಾವುದು ಜಾಸ್ತಿ?"

ಗಡಿಬಿಡಿ ಈ ಸಲ ತಟ್ಟನೆ ಉತ್ತರ ಹೇಳಲಿಲ್ಲ. ನಿಜವಾಗಿಯೂ ಯೋಚಿಸಿದಳು. "ಗೊತ್ತಿಲ್ಲ ಮೇಡಂ. ಅರ್ಧ ಅರ್ಧ."

"ನಾನು ಅಳೀಲಾ?" ಎಂದರು ಲೆನ್ಸ್ ತಾತ. "ಬೈಗುಳದ ಭಯ ನಾಲ್ಕು, ಆಂಟಿಗೋಸ್ಕರ ಒಂದೂವರೆ. ಅಷ್ಟಿರಬಹುದು."

"ನೀವು ಸುಮ್ನಿರಿ," ಎಂದರು ಮೇಡಂ. "ತಪ್ಪು ಜಾಗದಲ್ಲಿ ಇಟ್ಟವಳು ನಾನು. ರೂಲು ಮಾಡಿದವಳೂ ನಾನೇ. ಅದಕ್ಕೆ ನಿನ್ನನ್ನ ಬೈಯೋ ಹಾಗಿಲ್ಲ. ಆದರೆ ಒಂದು ವಾರ..." ಅವರು ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಈ ಒಂದು ವಾರ ನನಗೆ ನಿದ್ದೆ ಇರಲಿಲ್ಲ ಮಗು."

ಬೈದಿದ್ದರೆ ಚೆನ್ನಾಗಿತ್ತು ಎಂದು ಗಡಿಬಿಡಿಗೆ ಅನ್ನಿಸಿತು. ಬೈಗುಳ ಕಿವಿಗೆ ಬಿದ್ದು ಹೋಗುತ್ತದೆ. ಇದು ಹೋಗಲಿಲ್ಲ. ಅವಳ ಕಣ್ಣು ತುಂಬಿತು. ತೋಳಿನಿಂದ ಒರೆಸಿಕೊಂಡರೆ ಸೋಪು ತಾಗಿ ಇನ್ನೂ ಉರಿಯಿತು.

"ಮುಖ ತೊಳ್ಕೋ ಹೋಗು," ಎಂದರು ಮೇಡಂ. "ಬಂದು ರಿಜಿಸ್ಟರ್ ಓದು. ನನ್ನ ಹೊಸ ಕನ್ನಡಕ ಬರೋಕೆ ಇನ್ನು ಹತ್ತು ದಿನ ಬೇಕು. ಅಲ್ಲೀವರೆಗೂ ಓದೋಳು ನೀನೇ. ಒಂದು ಸಾಲೂ ಹಾರಿಸಬಾರದು."

"ಹಾಗಾದ್ರೆ ಆಂಟಿದು..."

"ಟ್ಯಾಗ್ ಕಟ್ಟಿ ಕೊಟ್ಟ ಮೇಲೆ ಅದು ಅವರದು. ಅವರಿಗೆ ಇದನ್ನೆಲ್ಲ ಹೇಳೋದೂ ಬೇಡ. ಸುಮ್ನೆ ಮುಜುಗರ ಪಟ್ಕೋತಾರೆ."

ಟೀ ಹೊತ್ತಿಗೆ ಸರಿಯಾಗಿ ಹಿತ್ತಲ ಗೇಟು ಕಿರ್ರೆಂದಿತು. ಗುಂಡಿ ಆಂಟಿ ಪಕ್ಕದ ಮನೆಯ ಅಜ್ಜನ ಕೈ ಹಿಡಿದುಕೊಂಡು ಬಂದರು. ಅಜ್ಜನಿಗೆ ಪೇಪರ್ ಓದಲು ಒಂದು ಕನ್ನಡಕ ಬೇಕಿತ್ತು. ತಾತ ಅವರನ್ನು ಒಳಗೆ ಕರೆದುಕೊಂಡು ಹೋದರು.

ಆಂಟಿ ಬಾಗಿಲಲ್ಲೇ ನಿಂತರು. ಮೇಡಂ ಆಂಟಿಯ ಮುಖವನ್ನು ದಿಟ್ಟಿಸಿ ನೋಡಿದರು. ತಮ್ಮ ಕನ್ನಡಕ ಇನ್ನೊಬ್ಬರ ಮೂಗಿನ ಮೇಲೆ ಹೇಗೆ ಕಾಣುತ್ತದೆಂದು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಮೇಡಂ ಕಪ್ಪು ಕನ್ನಡಕ ತೆಗೆದು ಒಮ್ಮೆ ನೋಡಿದರು, ಹಾಕಿಕೊಂಡು ಒಮ್ಮೆ ನೋಡಿದರು.

"ಹೇಗಿದೆ? ಸರಿಯಾಗಿ ಕಾಣುತ್ತಾ?"

"ಅಯ್ಯೋ, ಚೆನ್ನಾಗಿ ಕಾಣುತ್ತೆ ಮೇಡಂ! ನನಗೇ ಅಂತ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಯಾವ ಪುಣ್ಯಾತ್ಮರು ಕೊಟ್ರೋ ಏನೋ."

"ಕೊಟ್ರು ಅಂತ ಏನೂ ಹೇಳೋ ಹಾಗಿಲ್ಲ," ಎಂದರು ಮೇಡಂ. "ಯಾರೋ ಮರೆತು ಬಿಟ್ಟುಹೋಗಿದ್ರಂತೆ."

ಗಡಿಬಿಡಿ ರಿಜಿಸ್ಟರಿನಲ್ಲಿ ಮುಖ ಹುದುಗಿಸಿದಳು. ಚಿಕ್ಕಪ್ಪನ ಕೈಯಿಂದ ಒಂದು ಸ್ಕ್ರೂ ಬಿದ್ದುಹೋಗಿ, ಅದನ್ನು ಹುಡುಕಲು ಅವನು ಮೇಜಿನ ಕೆಳಗೆ ಹೋಗಬೇಕಾಯಿತು. ತುಂಬ ಹೊತ್ತು ಅಲ್ಲೇ ಇದ್ದ.

ಆಂಟಿ ಹೋದ ಮೇಲೆ ಮೇಡಂ ನೀಲಿ ದಾರವನ್ನು ಬೀಗದ ಕೈಯ ತೂತಿಗೆ ಪೋಣಿಸಲು ನೋಡಿದರು. ಒಂದು ಸಲ ತಪ್ಪಿತು. ಇನ್ನೊಂದು ಸಲವೂ ತಪ್ಪಿತು. ಗಡಿಬಿಡಿ ಕೈ ಚಾಚಿದಳು. ಮೇಡಂ ದಾರವನ್ನೂ ಬೀಗದ ಕೈಯನ್ನೂ ಕೊಟ್ಟರು. ಗಡಿಬಿಡಿ ಪೋಣಿಸಿ, ಎರಡು ಗಂಟು ಹಾಕಿ, ವಾಪಸ್ ಇಟ್ಟಳು.

ಟಬ್ಬಿನ ಪಕ್ಕ ಇನ್ನೂ ಒಂದು ರಾಶಿ ಕನ್ನಡಕ ಉಳಿದಿತ್ತು. ಗಡಿಬಿಡಿ ಮೇಲಿನದನ್ನು ಎತ್ತಿಕೊಂಡಳು. ಹಸಿರು ಫ್ರೇಮಿನದು. ನೀರಿಗೆ ಹಾಕಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಕಡ್ಡಿಯ ತುದಿಯಲ್ಲಿ ಹಲ್ಲಿನ ಗುರುತು ಇತ್ತು. ಯಾರೋ ಅದನ್ನು ಕಚ್ಚಿಕೊಂಡು ಯೋಚನೆ ಮಾಡುತ್ತಿದ್ದಿರಬೇಕು. ಮೂಗಿಗೆ ಕೂರುವ ಕಡೆ ಬಣ್ಣ ಸವೆದಿತ್ತು. ತುಂಬ ವರ್ಷ ಹಾಕಿಕೊಂಡವರೇ ಇರಬೇಕು. ಏನು ಓದುತ್ತಿದ್ದರೋ. ಯಾಕೆ ಬೇಡವಾಯಿತೋ.

ಅವಳು ಅದನ್ನು ಎತ್ತಿ ಹಿಡಿದು ಗಟ್ಟಿಯಾಗಿ ಕೇಳಿದಳು.

"ತೊಳೀತಿದ್ದೀನಿ. ಇದು ಇಲ್ಲಿ ಯಾರದ್ದಾದ್ರೂ ಹೌದಾ?"

ಲೆನ್ಸ್ ತಾತನ ಕೈ ತಟ್ಟನೆ ಮೂಗಿಗೆ ಹೋಯಿತು. ಚಿಕ್ಕಪ್ಪ ಕನ್ನಡಕವನ್ನೇ ಹಾಕುವವನಲ್ಲ, ಅವನೂ ಮೂಗು ಮುಟ್ಟಿ ನೋಡಿಕೊಂಡ. ಮೇಡಂ ಜಾರುತ್ತಿದ್ದ ಕಪ್ಪು ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಮ್ಮದಲ್ಲ. ತೊಳಿ," ಎಂದರು.

ಗಡಿಬಿಡಿ ಹಸಿರು ಕನ್ನಡಕವನ್ನು ನಿಧಾನವಾಗಿ ನೀರಿಗೆ ಇಳಿಸಿದಳು.